ಮೊದಲು ಪರದೆ, ಆಮೇಲೆ ವಿಷಯ: ವಿಜ್ಞಾನ ಕೇಂದ್ರಗಳ ಬೃಹತ್ ಪರದೆಯ ಸಾಕ್ಷ್ಯಚಿತ್ರಗಳನ್ನು ಆರಿಸಿಕೊಳ್ಳುವ ಬಗೆ

ಮುಂಬಯಿ, ಪುಣೆ ಮತ್ತು ಗೋವೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಮೇ ತಿಂಗಳ ರಜೆಯಲ್ಲಿ ಊರಿನಿಂದ ನೆಂಟರು ಬಂದಾಗ, ಅಥವಾ ಮಳೆಗಾಲದ ಭಾನುವಾರ ಮಕ್ಕಳನ್ನು ಬಯಲಿಗೆ ಕರೆದೊಯ್ಯಲು ಸಾಧ್ಯವಾಗದೆ ಹೋದಾಗ, ವಿಜ್ಞಾನ ಕೇಂದ್ರಕ್ಕೋ ತಾರಾಲಯಕ್ಕೋ ಹೋಗಿ ದೊಡ್ಡ ಪರದೆಯಲ್ಲಿ ಒಂದು ಸಾಕ್ಷ್ಯಚಿತ್ರ ನೋಡಿ ಬರುವ ಮಾತು ಏಳುತ್ತದೆ. ಆಗ ಎಲ್ಲರೂ ಮೊದಲು ವಿಚಾರಿಸುವುದು ಚಿತ್ರದ ವಿಷಯವನ್ನು: ತಿಮಿಂಗಿಲವೋ, ಮಂಗಳ ಗ್ರಹವೋ, ಡೈನೋಸಾರ್‌ಗಳೋ ಎಂದು. ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕಿಂತ ಮೊದಲು ಆ ಚಿತ್ರವನ್ನು ಯಾವ ಬಗೆಯ ಪರದೆಯ ಮೇಲೆ ತೋರಿಸುತ್ತಾರೆ ಎಂದು ವಿಚಾರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತಲೆಯ ಮೇಲೆ ಬೋಗುಣಿಯಂತೆ ಕವುಚಿಕೊಂಡಿರುವ ಗುಮ್ಮಟದ ಪರದೆಯಲ್ಲಿ ಮೈ ಜುಮ್ಮೆನ್ನಿಸುವ ಚಿತ್ರ ಚಪ್ಪಟೆ ಪರದೆಯ ಮೇಲೆ ಸಾಧಾರಣವೆನಿಸಬಹುದು, ಚಪ್ಪಟೆ ಪರದೆಯ ಮೇಲೆ ಕಣ್ಣೀರು ತರಿಸುವ ಚಿತ್ರ ಗುಮ್ಮಟದಲ್ಲಿ ತಲೆನೋವು ತರಬಹುದು. ವಿಷಯ ಎಷ್ಟೇ ಒಳ್ಳೆಯದಿದ್ದರೂ ಪರದೆ ಅದಕ್ಕೆ ಹೊಂದದಿದ್ದರೆ ನಲವತ್ತು ನಿಮಿಷ ವ್ಯರ್ಥವಾಗುತ್ತದೆ.

ನಮ್ಮ ಮೂರು ಊರುಗಳಲ್ಲಿ ಏನೇನಿದೆ

ಈ ವಿಷಯದಲ್ಲಿ ಅತ್ಯಂತ ಅನುಕೂಲವಿರುವುದು ಮುಂಬಯಿಯವರಿಗೆ. ವರ್ಲಿಯಲ್ಲಿ 1985ರಲ್ಲಿ ಆರಂಭವಾದ ನೆಹರು ವಿಜ್ಞಾನ ಕೇಂದ್ರವಿದೆ. ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಪರಿಷತ್ತಿಗೆ ಸೇರಿದ ಈ ಕೇಂದ್ರದಲ್ಲಿ ಗುಮ್ಮಟಾಕಾರದ ಪರದೆಯ ‘ಸೈನ್ಸ್ ಒಡಿಸ್ಸಿ’ ಚಿತ್ರಮಂದಿರ, ಕನ್ನಡಕ ಹಾಕಿಕೊಂಡು ನೋಡುವ ತ್ರಿಆಯಾಮದ ಪ್ರದರ್ಶನ ಮತ್ತು ಭೂಗೋಳದ ಆಕಾರದ ಪರದೆಯ ಮೇಲೆ ನಡೆಯುವ ‘ಸೈನ್ಸ್ ಆನ್ ಎ ಸ್ಫಿಯರ್’ ಪ್ರದರ್ಶನ ಒಂದೇ ಆವರಣದಲ್ಲಿವೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಡಾ. ಆ್ಯನಿ ಬೆಸೆಂಟ್ ರಸ್ತೆಯಲ್ಲಿ, 1977ರ ಮಾರ್ಚ್ 3ರಂದು ಉದ್ಘಾಟನೆಗೊಂಡ ನೆಹರು ತಾರಾಲಯವಿದೆ. 2003ರಲ್ಲಿ ಅದರ ಪ್ರಕ್ಷೇಪಣ ವ್ಯವಸ್ಥೆ ಡಿಜಿಟಲ್ ಆಯಿತು. ವಡಾಲಾದಲ್ಲಿ 2001ರಲ್ಲಿ ತೆರೆದ ಐಮ್ಯಾಕ್ಸ್ (ಬೃಹತ್ ಪರದೆಯ ಒಂದು ಪದ್ಧತಿ) ಗುಮ್ಮಟವನ್ನು ನೆನೆಯುವ ಹಿರಿಯರು ಇಂದಿಗೂ ಅನೇಕರಿದ್ದಾರೆ. ಈಗ ಮಾಲ್‌ಗಳಲ್ಲಿರುವ ಐಮ್ಯಾಕ್ಸ್ ಪರದೆಗಳು ಚಪ್ಪಟೆಯವು, ಹೆಚ್ಚಾಗಿ ಕಥಾಚಿತ್ರಗಳಿಗಾಗಿಯೇ ನಡೆಯುವಂಥವು.

ಪುಣೆಯ ಟಿಳಕ್ ರಸ್ತೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ 1954ರಷ್ಟು ಹಿಂದೆಯೇ ಸ್ಥಾಪಿತವಾದ ಕುಸುಮ್‌ಬಾಯಿ ಮೋತಿಚಂದ್ ತಾರಾಲಯ ಭಾರತದ ಮೊದಲ ತಾರಾಲಯ. ಚಿಂಚವಾಡದಲ್ಲಿ ಪಿಂಪ್ರಿ ಚಿಂಚವಾಡ ವಿಜ್ಞಾನ ಉದ್ಯಾನವಿದೆ. ಗೋವೆಯವರಿಗೆ ಪಣಜಿಯ ಮಿರಾಮಾರ್ ಕಡಲ ದಂಡೆಯ ಬಳಿ 2001ರಲ್ಲಿ ಆರಂಭವಾದ ಗೋವಾ ವಿಜ್ಞಾನ ಕೇಂದ್ರವಿದೆ. ಅದು ಗಾತ್ರದಲ್ಲಿ ಚಿಕ್ಕದು, ಆದರೆ ಅಲ್ಲಿನ ತ್ರಿಆಯಾಮದ ಪ್ರದರ್ಶನವನ್ನು ಚಿಕ್ಕ ಮಕ್ಕಳ ಮಟ್ಟಿಗೆ ನಾನು ಧೈರ್ಯವಾಗಿ ಸೂಚಿಸುತ್ತೇನೆ.

‘ಬೃಹತ್’ ಎನ್ನಬೇಕಾದರೆ ಎಷ್ಟು ದೊಡ್ಡದಿರಬೇಕು

ಈ ಬಗೆಯ ಚಿತ್ರಮಂದಿರಗಳ ಅಂತರರಾಷ್ಟ್ರೀಯ ಸಂಘಟನೆಯ ಮಾನದಂಡದಂತೆ ಚಪ್ಪಟೆ ಪರದೆಯಾದರೆ ಸುಮಾರು 21 ಮೀಟರ್ ಅಗಲವೂ, ಗುಮ್ಮಟವಾದರೆ ಸುಮಾರು 18 ಮೀಟರ್ ವ್ಯಾಸವೂ ಇರಬೇಕು. ಆದರೆ ಅಳತೆಯೊಂದೇ ಸಾಲದು. ಪರದೆ ದೊಡ್ಡದಾದಂತೆ ಚಿತ್ರವೂ ಅಷ್ಟೇ ಸೂಕ್ಷ್ಮವಾಗಿರದಿದ್ದರೆ ಕಾಣುವುದು ಮಸುಕು ಮಾತ್ರ.

ಐಮ್ಯಾಕ್ಸ್ ಪದ್ಧತಿಯನ್ನು ಕೆನಡಾದ ಕೆಲವು ಚಿತ್ರನಿರ್ಮಾಪಕರು ಮತ್ತು ಎಂಜಿನಿಯರರು ರೂಪಿಸಿ, 1970ರಲ್ಲಿ ಜಪಾನಿನ ಒಸಾಕಾದ ವಿಶ್ವ ಪ್ರದರ್ಶನದಲ್ಲಿ ಮೊದಲ ಬಾರಿಗೆ ಜನರ ಮುಂದಿಟ್ಟದ್ದು ಇದೇ ತೊಡಕನ್ನು ಬಿಡಿಸುವುದಕ್ಕಾಗಿ. ಸಾಮಾನ್ಯ ಸಿನಿಮಾದ 35 ಮಿಲಿಮೀಟರ್ ರೀಲಿನಲ್ಲಿ ಚಿತ್ರಚೌಕಟ್ಟುಗಳು ಒಂದರ ಕೆಳಗೊಂದು ಇರುತ್ತವೆ. ಇವರು 70 ಮಿಲಿಮೀಟರ್ ರೀಲನ್ನು ಅಡ್ಡಲಾಗಿ ಓಡಿಸಿ, ಅಂಚಿನ ಹದಿನೈದು ತೂತುಗಳಷ್ಟು ಅಗಲದ ಜಾಗವನ್ನು ಒಂದೊಂದು ಚೌಕಟ್ಟಿಗೂ ಕೊಟ್ಟರು. ಇದರಿಂದ ಒಂದು ಚೌಕಟ್ಟಿನ ವಿಸ್ತೀರ್ಣ ಸುಮಾರು ಹತ್ತು ಪಟ್ಟು ಹೆಚ್ಚಿತು. ಆದರೆ ರೀಲು ಅಷ್ಟೇ ವೇಗದಲ್ಲಿ ಖರ್ಚಾಗತೊಡಗಿತು. ಪ್ರತಿ ಚೌಕಟ್ಟು ಸುಮಾರು 71 ಮಿಲಿಮೀಟರ್ ರೀಲನ್ನು ನುಂಗುವುದರಿಂದ, ಸೆಕೆಂಡಿಗೆ 24 ಚೌಕಟ್ಟುಗಳಂತೆ ಒಂದು ನಿಮಿಷಕ್ಕೆ ನೂರು ಮೀಟರಿಗೂ ಹೆಚ್ಚು, ನಲವತ್ತು ನಿಮಿಷದ ಚಿತ್ರಕ್ಕೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ರೀಲು ಬೇಕಾಗುತ್ತಿತ್ತು. ಈ ಬಗೆಯ ಸಾಕ್ಷ್ಯಚಿತ್ರಗಳು ಹೆಚ್ಚಾಗಿ ನಲವತ್ತು ನಲವತ್ತೈದು ನಿಮಿಷದವೇ ಆಗಿರುವುದಕ್ಕೆ ಇದೂ ಒಂದು ಕಾರಣ. ಗಂಟೆಗೊಂದು ಪ್ರದರ್ಶನ ನಡೆಸಿ ಒಂದು ಶಾಲೆಯ ಮಕ್ಕಳನ್ನು ಹೊರಗೆ ಕಳುಹಿಸಿ ಇನ್ನೊಂದು ಶಾಲೆಯವರನ್ನು ಒಳಗೆ ಬಿಡುವ ವಸ್ತುಸಂಗ್ರಹಾಲಯದ ವೇಳಾಪಟ್ಟಿಗೂ ಆ ಅವಧಿ ಹೊಂದಿಕೊಂಡಿತು.

ಕ್ಯಾಮೆರಾದ ಕಡೆಗೂ ಇದರ ಪರಿಣಾಮವಿತ್ತು. ಸುಮಾರು 150 ಮೀಟರಿನ ಒಂದು ರೀಲು ತೊಂಬತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಪರ್ವತಾರೋಹಿಯೂ ಚಿತ್ರನಿರ್ಮಾಪಕರೂ ಆದ ಡೇವಿಡ್ ಬ್ರೀಶರ್ಸ್ ಮತ್ತು ಅವರ ತಂಡ 1996ರ ಮೇ 23ರಂದು ಎವರೆಸ್ಟ್ ಶಿಖರದ ಮೇಲೆ ಇಂಥ ಕ್ಯಾಮೆರಾವನ್ನು ಓಡಿಸಿದಾಗ ಅವರ ಕೈಯಲ್ಲಿದ್ದದ್ದು ಅಷ್ಟೇ ಸಮಯ. ಹಬಲ್ ದೂರದರ್ಶಕದ ದುರಸ್ತಿಗಾಗಿ 2009ರಲ್ಲಿ ಹೋದ ಬಾಹ್ಯಾಕಾಶ ನೌಕೆಯಲ್ಲಿದ್ದ ತ್ರಿಆಯಾಮದ ಕ್ಯಾಮೆರಾಕ್ಕೆ ಇಡೀ ಯಾತ್ರೆಗೆ ಒಟ್ಟು ಎಂಟು ನಿಮಿಷದಷ್ಟು ರೀಲು ಮಾತ್ರ ಇತ್ತು. ಇದನ್ನು ತಿಳಿದು ನೋಡಿದಾಗ ಹಳೆಯ ಬೃಹತ್ ಪರದೆಯ ಚಿತ್ರಗಳ ದೃಶ್ಯಗಳು ಏಕೆ ಅಷ್ಟು ನಿಧಾನವಾಗಿ, ಅಷ್ಟು ಯೋಚಿಸಿ ಜೋಡಿಸಿದಂತೆ ಇರುತ್ತವೆ ಎಂಬುದು ಅರ್ಥವಾಗುತ್ತದೆ, ಅವುಗಳ ಮೇಲಿನ ಗೌರವವೂ ಹೆಚ್ಚುತ್ತದೆ.

ಇಂದು ರೀಲುಗಳು ಬಹುಮಟ್ಟಿಗೆ ಹೋಗಿ ಡಿಜಿಟಲ್ ಪ್ರೊಜೆಕ್ಟರುಗಳು ಬಂದಿವೆ. ಇಲ್ಲಿ ಟಿಕೆಟ್ ಕೊಳ್ಳುವವರು ಒಂದು ಸರಳ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬಿಡಿಯಾಗಿ ಗುರುತಿಸಬಲ್ಲದು. ಪೂರ್ಣ ಗುಮ್ಮಟವೊಂದು ಒಂದು ತುದಿಯಿಂದ ಇನ್ನೊಂದು ತುದಿಗೆ 180 ಡಿಗ್ರಿ, ಎಂದರೆ ಅಂಥ 10,800 ಭಾಗಗಳು. ಅದರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ಸಾವಿರ ಪಿಕ್ಸೆಲ್‌ಗಳಿರುವ (ಡಿಜಿಟಲ್ ಚಿತ್ರದ ಚುಕ್ಕೆಗಳಿರುವ) ಚಿತ್ರವನ್ನು ಹರಡಿದರೆ ಒಂದೊಂದು ಪಿಕ್ಸೆಲ್ಲೂ ಕಣ್ಣಿನ ಸಾಮರ್ಥ್ಯಕ್ಕಿಂತ ಎರಡೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಎಂಟು ಸಾವಿರವಾದರೆ ಕಣ್ಣಿನ ಮಿತಿಗೆ ಹತ್ತಿರ ಬರುತ್ತದೆ. ಅದೇ ನಾಲ್ಕು ಸಾವಿರ ಪಿಕ್ಸೆಲ್‌ಗಳನ್ನು ನಮ್ಮ ನೋಟದ ಅರುವತ್ತು ಎಪ್ಪತ್ತು ಡಿಗ್ರಿಗಳನ್ನಷ್ಟೇ ತುಂಬುವ ಚಪ್ಪಟೆ ಪರದೆಯ ಮೇಲೆ ಹಾಕಿದರೆ ಚಿತ್ರ ನಿಚ್ಚಳವಾಗಿರುತ್ತದೆ. ಗುಮ್ಮಟದ ಚಿತ್ರ ಸ್ವಲ್ಪ ಮೃದುವಾಗಿ ಕಂಡರೆ ಅದು ನಡೆಸುವವರ ಅಲಕ್ಷ್ಯವೆಂದು ಭಾವಿಸಬೇಕಾಗಿಲ್ಲ, ಗುಮ್ಮಟದ ಜ್ಯಾಮಿತಿಯೇ ಹಾಗೆ.

ಗುಮ್ಮಟವೋ, ಚಪ್ಪಟೆ ಪರದೆಯೋ

ಹೋಲಿಕೆಯ ಹೃದಯಭಾಗ ಇದೇ ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಗುಮ್ಮಟದ ಪರದೆಯಲ್ಲಿ ಚಿತ್ರಕ್ಕೆ ಅಂಚಿಲ್ಲ. ಮೀನಿನ ಕಣ್ಣಿನಂತಹ ಅಗಲ ನೋಟದ ಮಸೂರದಿಂದ ಹೊರಟ ಬೆಳಕು ನಮ್ಮ ನೆತ್ತಿಯ ಮೇಲೂ ಎಡಬಲಗಳಲ್ಲೂ ಹರಡಿಕೊಳ್ಳುವುದರಿಂದ, ಕಣ್ಣಂಚಿನ ನೋಟಕ್ಕೂ ಚಿತ್ರ ತಾಗುತ್ತದೆ. ಚಲನೆಯನ್ನು ನಾವು ಬಲವಾಗಿ ಗ್ರಹಿಸುವುದು ಈ ಅಂಚಿನ ನೋಟದಿಂದಲೇ. ಆದ್ದರಿಂದ ಹಾರಾಟ, ಧುಮುಕುವಿಕೆ, ತೇಲುವಿಕೆ ಇರುವ ಚಿತ್ರಗಳು ಗುಮ್ಮಟದಲ್ಲಿ ನಮ್ಮನ್ನು ನಿಜವಾಗಿಯೂ ಎತ್ತಿಕೊಂಡು ಹೋದಂತೆ ಭಾಸವಾಗುತ್ತವೆ. ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯಕ್ಕಾಗಿ 1976ರಲ್ಲಿ ತಯಾರಾದ ‘ಟು ಫ್ಲೈ’ ಎಂಬ ಚಿತ್ರ ದಶಕಗಳ ಕಾಲ ಜನರನ್ನು ಸೆಳೆದದ್ದು ಹಾರಾಟವೆಂಬ ಅನುಭವವನ್ನೇ ಬೃಹತ್ ಪರದೆಗೆ ತಂದುದರಿಂದ.

ಆದರೆ ಗುಮ್ಮಟಕ್ಕೆ ಮೂರು ದೌರ್ಬಲ್ಯಗಳಿವೆ, ಅವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಮೊದಲನೆಯದು ಬೆಳಕಿನದು. ಬೋಗುಣಿಯ ಒಳಮೈಯಂತಿರುವ ಪರದೆಯ ಒಂದು ಭಾಗದ ಮೇಲೆ ಬಿದ್ದ ಬೆಳಕು ಎದುರು ಭಾಗಕ್ಕೆ ಹಾರಿ ಅಲ್ಲಿನ ಕಪ್ಪನ್ನು ಬೂದು ಮಾಡುತ್ತದೆ. ಇದನ್ನು ತಗ್ಗಿಸುವುದಕ್ಕಾಗಿಯೇ ಗುಮ್ಮಟದ ಪರದೆಗೆ ಅಪ್ಪಟ ಬಿಳಿಯ ಬದಲು ಬೂದು ಬಣ್ಣ ಬಳಿಯುತ್ತಾರೆ. ಆದರೂ ಹಿಮಶಿಖರ, ಮರುಭೂಮಿ, ಧ್ರುವಪ್ರದೇಶಗಳಂತಹ ಬೆಳ್ಳಗಿನ ದೃಶ್ಯಗಳು ಅಲ್ಲಿ ತೊಳೆದಂತೆ ಪೇಲವವಾಗುತ್ತವೆ. ಗಾಢ ನೀಲಿಯ ಆಳಸಮುದ್ರ, ಕಾಡಿನ ನೆರಳು, ನಕ್ಷತ್ರಗಳ ಕಪ್ಪು ಆಕಾಶ ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ. ಪರ್ವತಾರೋಹಣದ ಚಿತ್ರವೂ ಕಡಲಾಳದ ಚಿತ್ರವೂ ಒಂದೇ ಗುಮ್ಮಟದಲ್ಲಿ ಬೇರೆ ಬೇರೆ ಹೊತ್ತಿಗೆ ಇದ್ದರೆ ನಾನು ಹಿಂಜರಿಯದೆ ಕಡಲಾಳವನ್ನೇ ಆರಿಸಿಕೊಳ್ಳುತ್ತೇನೆ.

ಎರಡನೆಯದು ರೇಖೆಗಳದು. ಕಟ್ಟಡಗಳ ಕಂಬಗಳು, ದಿಗಂತ, ರೈಲುಹಳಿ ಮುಂತಾದ ನೇರ ಗೆರೆಗಳು ಗುಮ್ಮಟದಲ್ಲಿ ಬಾಗುತ್ತವೆ, ವಿಶೇಷವಾಗಿ ಪಕ್ಕದ ಆಸನಗಳಲ್ಲಿ ಕುಳಿತವರಿಗೆ. ಪುರಾತತ್ವ, ವಾಸ್ತುಶಿಲ್ಪ, ಸೇತುವೆ ಅಣೆಕಟ್ಟುಗಳ ಎಂಜಿನಿಯರಿಂಗ್ ಕುರಿತ ಚಿತ್ರಗಳು ಈ ಕಾರಣದಿಂದ ಚಪ್ಪಟೆ ಪರದೆಗೇ ಸರಿ. ಮೂರನೆಯದು ಮುಖಗಳದು. ಮನುಷ್ಯನ ಮುಖವೊಂದು ಹತ್ತು ಮೀಟರ್ ಎತ್ತರಕ್ಕೆ ಉಬ್ಬಿ ತಲೆಯ ಮೇಲೆ ಬಂದು ಮಾತನಾಡತೊಡಗಿದರೆ ಅವರು ಹೇಳುತ್ತಿರುವುದರ ಕಡೆಗೆ ಗಮನ ನಿಲ್ಲುವುದಿಲ್ಲ. ವಿಜ್ಞಾನಿಗಳ ಸಂದರ್ಶನಗಳೇ ಹೆಚ್ಚಾಗಿರುವ, ದೃಶ್ಯಗಳನ್ನು ಬೇಗ ಬೇಗ ಬದಲಾಯಿಸುವ, ಬರಹಗಳನ್ನೂ ನಕ್ಷೆಗಳನ್ನೂ ತೋರಿಸಿ ವಿವರಿಸುವ ಚಿತ್ರವನ್ನು ಗುಮ್ಮಟದಲ್ಲಿ ನೋಡಬೇಡಿ ಎಂದೇ ನನ್ನ ಸಲಹೆ. ಅದು ಚಪ್ಪಟೆ ಪರದೆಯಲ್ಲಿ, ಅಷ್ಟೇಕೆ, ಮನೆಯ ಟಿ.ವಿ.ಯಲ್ಲಿ ನೋಡಿದರೂ ಹೆಚ್ಚು ತಿಳಿವಳಿಕೆ ಕೊಡುತ್ತದೆ.

ಚಪ್ಪಟೆ ಪರದೆಯ ಬಲವೆಲ್ಲ ಈ ಮೂರು ಕಡೆಗಳಲ್ಲೇ ಇದೆ: ಕಪ್ಪು ಕಪ್ಪಾಗಿಯೂ ಬಿಳಿ ಬಿಳಿಯಾಗಿಯೂ ಉಳಿಯುತ್ತವೆ, ಗೆರೆಗಳು ನೇರವಾಗಿರುತ್ತವೆ, ಮುಖದ ಭಾವ ಅರ್ಥವಾಗುತ್ತದೆ. ಹುಲಿ, ಆನೆ, ಲಂಗೂರಗಳಂತಹ ಪ್ರಾಣಿಗಳ ಸಂಸಾರವನ್ನು ಹಿಂಬಾಲಿಸುವ ಚಿತ್ರಗಳಲ್ಲಿ ನಾವು ನೋಡಬೇಕಾದದ್ದು ತಾಯಿಯ ಕಣ್ಣನ್ನು, ಮರಿಯ ಕಿವಿಯನ್ನು. ಅದಕ್ಕೆ ಚಪ್ಪಟೆ ಪರದೆಯೇ ಒಳ್ಳೆಯದು. ಮಾಲ್‌ನ ಐಮ್ಯಾಕ್ಸ್‌ನಲ್ಲಿ ಎಂದಾದರೂ ಪ್ರಕೃತಿಯ ಸಾಕ್ಷ್ಯಚಿತ್ರ ಬಂದರೆ ಬಿಡಬಾರದು. ಆದರೆ ಒಂದು ಮಾತು ತಿಳಿದಿರಲಿ: ಮೂಲ ರೀಲಿನ ಚೌಕಟ್ಟು ಹೆಚ್ಚುಕಡಿಮೆ ಚೌಕಾಕಾರಕ್ಕೆ ಹತ್ತಿರವಾದದ್ದು, ಅಗಲ ಎತ್ತರಗಳ ಅನುಪಾತ 1.43ಕ್ಕೆ 1. ಮಾಲ್‌ಗಳ ಡಿಜಿಟಲ್ ಐಮ್ಯಾಕ್ಸ್ ಪರದೆಗಳು ಸಾಮಾನ್ಯವಾಗಿ 1.90ಕ್ಕೆ 1. ಹಳೆಯ ಚಿತ್ರಗಳನ್ನು ಅಲ್ಲಿ ತೋರಿಸುವಾಗ ಮೇಲೂ ಕೆಳಗೂ ಕತ್ತರಿಸಬೇಕಾಗುತ್ತದೆ, ಇಲ್ಲವೆ ಚಿತ್ರವನ್ನು ಕಿರಿದುಗೊಳಿಸಬೇಕಾಗುತ್ತದೆ. ಬಾನೆತ್ತರದ ಮರಗಳ ಚಿತ್ರದಲ್ಲಿ ಮರದ ತುದಿಯೇ ಹೋದರೆ ಉಳಿಯುವುದೇನು?

ಕನ್ನಡಕದ ಚಿತ್ರಗಳು

ತ್ರಿಆಯಾಮದ ಚಿತ್ರದಲ್ಲಿ ಎರಡು ಕಣ್ಣುಗಳಿಗೆ ಎರಡು ಬೇರೆ ಚಿತ್ರಗಳನ್ನು ಕಳುಹಿಸಿ ಆಳದ ಅನುಭವ ಕೊಡುತ್ತಾರೆ. ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಆರೇಳು ಸೆಂಟಿಮೀಟರ್ ಮಾತ್ರ. ಆದ್ದರಿಂದ ಈ ಬಗೆಯ ಆಳ ಹತ್ತಿರದ ವಸ್ತುಗಳಲ್ಲಿ ಬಲವಾಗಿ ಕಾಣುತ್ತದೆ, ದೂರದ ಬೆಟ್ಟಗಳಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ನೀರಿನಲ್ಲಿ ತೇಲುವ ಕಣಗಳು, ಲೋಳೆಮೀನು, ಹವಳದ ಕೊಂಬೆಗಳ ನಡುವೆ ನುಸುಳುವ ಮರಿಮೀನುಗಳು, ಕೀಟಗಳು, ಹೂವಿನ ಪರಾಗ: ಇವೇ ಕನ್ನಡಕಕ್ಕೆ ತಕ್ಕ ವಿಷಯಗಳು. ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆಗಳು ಚಳಿಗಾಲ ಕಳೆಯುವ ಮೆಕ್ಸಿಕೋದ ಬೆಟ್ಟಗಳ ನೆಲೆ 1975ರಲ್ಲಿ ಹೊರಜಗತ್ತಿನ ವಿಜ್ಞಾನಿಗಳಿಗೆ ತಿಳಿದ ಕಥೆಯನ್ನು ಹೇಳುವ 2012ರ ‘ಫ್ಲೈಟ್ ಆಫ್ ದಿ ಬಟರ್‌ಫ್ಲೈಸ್’ ಕನ್ನಡಕದಲ್ಲಿ ನೋಡಲೆಂದೇ ತಯಾರಾದದ್ದು, ಆ ಆಯ್ಕೆ ಸರಿಯಾದದ್ದೇ ಆಗಿತ್ತು. ಕೋಟ್ಯಂತರ ಚಿಟ್ಟೆಗಳು ನಮ್ಮ ಸುತ್ತಲೇ ಹಾರಬೇಕಲ್ಲದೆ ಗೋಡೆಯ ಮೇಲೆ ಅಲ್ಲ.

ಒಂದು ಕಣ್ಣಿನ ದೃಷ್ಟಿ ಬಹಳ ಕಡಿಮೆಯಿರುವವರಿಗೆ, ಬಾಲ್ಯದಿಂದ ಮೆಳ್ಳಗಣ್ಣು ಇರುವವರಿಗೆ ಈ ಆಳ ಕಾಣದೇ ಇರಬಹುದು. ಅಂಥವರಿಗೆ ಕನ್ನಡಕದ ಪ್ರದರ್ಶನದ ಟಿಕೆಟ್ ತೆಗೆಸಬೇಡಿ. ಕೆಲವು ಬಗೆಯ ಧ್ರುವೀಕರಣ ಕನ್ನಡಕಗಳಲ್ಲಿ ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ಚಿತ್ರ ಎರಡೆರಡಾಗಿ ಕಾಣುತ್ತದೆ. ಮಕ್ಕಳು ಅಮ್ಮನ ಭುಜಕ್ಕೆ ಒರಗಿ ನೋಡುವುದರಿಂದ ಇದನ್ನು ಮೊದಲೇ ಹೇಳಿ ನೇರವಾಗಿ ಕೂರಿಸಬೇಕು.

ತಾರಾಲಯ ಮತ್ತು ಗೋಳದ ಪ್ರದರ್ಶನ

ತಾರಾಲಯವನ್ನೂ ಗುಮ್ಮಟದ ಚಿತ್ರಮಂದಿರವನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಎರಡರಲ್ಲೂ ಪರದೆ ಅರ್ಧಗೋಳವೇ, ಆದರೆ ಚಿತ್ರಮಂದಿರದ ಗುಮ್ಮಟವನ್ನು ಸಾಮಾನ್ಯವಾಗಿ ಮುಂದಕ್ಕೆ ಓರೆಯಾಗಿ ಕಟ್ಟಿರುತ್ತಾರೆ, ಆಸನಗಳೂ ಮೆಟ್ಟಿಲುಮೆಟ್ಟಿಲಾಗಿ ಇರುತ್ತವೆ. ಸಾಂಪ್ರದಾಯಿಕ ತಾರಾಲಯದ ಗುಮ್ಮಟ ಆಕಾಶದಂತೆಯೇ ನೆಟ್ಟಗೆ ಮೇಲಿರುತ್ತದೆ. ತಾರಾಲಯದ ನಿಜವಾದ ಬೆಲೆ ಇರುವುದು ಅಲ್ಲಿನ ಸಿದ್ಧ ಚಿತ್ರದಲ್ಲಲ್ಲ, ಇಂದು ರಾತ್ರಿ ನಮ್ಮ ಊರಿನ ಮೇಲೆ ಯಾವ ನಕ್ಷತ್ರಗಳು ಇರುತ್ತವೆ ಎಂಬುದನ್ನು ತೋರಿಸುವ ಭಾಗದಲ್ಲಿ. ಮುಂಬಯಿಯ ದೀಪಗಳ ನಡುವೆ ಬೆಳೆದ ಮಗು ಸಪ್ತರ್ಷಿ ಮಂಡಲವನ್ನೂ ಅದರಿಂದ ಧ್ರುವನಕ್ಷತ್ರವನ್ನೂ ಹುಡುಕುವ ವಿಧಾನವನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಊರಿನೊಳಗೆ ಇಲ್ಲ. ನಕ್ಷತ್ರವೀಕ್ಷಣೆಯ ಭಾಗವಿಲ್ಲದೆ ಬರೀ ಚಿತ್ರವಷ್ಟೇ ಇರುವ ಹೊತ್ತಿನ ಟಿಕೆಟ್ಟಿಗಿಂತ ಅದಿರುವ ಹೊತ್ತಿನ ಟಿಕೆಟ್ಟನ್ನೇ ಕೇಳಿ ತೆಗೆದುಕೊಳ್ಳಿ.

ಗೋಳದ ಪ್ರದರ್ಶನವನ್ನು ರೂಪಿಸಿದ್ದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ. ಸುಮಾರು 1.7 ಮೀಟರ್ ವ್ಯಾಸದ ತೂಗುಗೋಳದ ಮೇಲೆ ನಾಲ್ಕು ಪ್ರೊಜೆಕ್ಟರುಗಳಿಂದ ಬೆಳಕು ಬೀರಿ, ಭೂಮಿಯ ಮೋಡಗಳು, ಸಮುದ್ರದ ಉಷ್ಣತೆ, ಭೂಕಂಪಗಳ ಹಂಚಿಕೆ ಮುಂತಾದವನ್ನು ತೋರಿಸುತ್ತಾರೆ. ರೋಮಾಂಚನ ಇಲ್ಲಿ ಕಡಿಮೆ, ತಿಳಿವಳಿಕೆ ಹೆಚ್ಚು. ನೈಋತ್ಯ ಮುಂಗಾರು ಅರಬ್ಬೀ ಸಮುದ್ರವನ್ನು ದಾಟಿ ಪಶ್ಚಿಮ ಘಟ್ಟಕ್ಕೆ ಹೇಗೆ ಬಂದು ತಾಗುತ್ತದೆ ಎಂಬುದನ್ನು ಎಂಟನೆಯ ತರಗತಿಯ ಹುಡುಗನಿಗೆ ಮನವರಿಕೆ ಮಾಡಿಸಲು ಬಯಸುವವರಿಗೆ ಗುಮ್ಮಟದ ಚಿತ್ರಕ್ಕಿಂತ ಇದೇ ಉಪಯುಕ್ತ.

ಚಿತ್ರ ಯಾವ ಇಸವಿಯದು ಎಂದು ಕೇಳಿ

ಬೃಹತ್ ಪರದೆಯ ಚಿತ್ರಗಳು ದುಬಾರಿಯಾದ್ದರಿಂದ ಅವನ್ನು ಹತ್ತು ಇಪ್ಪತ್ತು ವರ್ಷಗಳವರೆಗೂ ತೋರಿಸುವುದುಂಟು. ಇದು ಎಲ್ಲ ವಿಷಯಗಳಲ್ಲೂ ದೋಷವಲ್ಲ. ಖಗೋಳವಿಜ್ಞಾನದಲ್ಲಿ ಮಾತ್ರ ದೊಡ್ಡ ದೋಷ. ಪ್ಲೂಟೋವನ್ನು 2006ರಲ್ಲಿ ಕುಬ್ಜಗ್ರಹವೆಂದು ವರ್ಗೀಕರಿಸಿದರು, 2015ರ ಜುಲೈನಲ್ಲಿ ನ್ಯೂ ಹೊರೈಜನ್ಸ್ ನೌಕೆ ಅದರ ಹತ್ತಿರದ ಚಿತ್ರಗಳನ್ನು ಮೊದಲ ಬಾರಿಗೆ ಕಳುಹಿಸಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗುರುತ್ವ ತರಂಗಗಳು ಪತ್ತೆಯಾದವು, 2019ರಲ್ಲಿ ಕೃಷ್ಣರಂಧ್ರದ ಸುತ್ತಲಿನ ಬೆಳಕಿನ ಮೊದಲ ಚಿತ್ರ ಬಂತು, 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪಕ್ಕೆ ಇಳಿಯಿತು. ಇವಕ್ಕಿಂತ ಹಿಂದಿನ ಚಿತ್ರವೊಂದನ್ನು ಇಂದಿನ ವಿಜ್ಞಾನವೆಂದು ಮಗುವಿಗೆ ತೋರಿಸುವುದು ಸರಿಯಲ್ಲ. ಹಬಲ್‌ನ ಚಿತ್ರಗಳನ್ನು ಆಧರಿಸಿದ ನೀಹಾರಿಕೆಗಳ ಯಾತ್ರೆಯನ್ನು ತೋರಿಸುವಾಗ, ಆ ಬಣ್ಣಗಳು ಬೇರೆ ಬೇರೆ ಸೋಸುಗಾಜುಗಳಲ್ಲಿ ತೆಗೆದ ಚಿತ್ರಗಳಿಗೆ ಆಮೇಲೆ ಕೊಟ್ಟವು, ಒಳಗೆ ಹೊಕ್ಕುಹೋಗುವ ಚಲನೆ ಕಂಪ್ಯೂಟರಿನಲ್ಲಿ ಕಟ್ಟಿದ್ದು ಎಂಬುದನ್ನು ಚಿತ್ರವೇ ಹೇಳುತ್ತದೆಯೇ ಎಂದೂ ಗಮನಿಸಿ. ಹೇಳುವ ಚಿತ್ರ ನನ್ನ ದೃಷ್ಟಿಯಲ್ಲಿ ಒಂದು ಮೆಟ್ಟಿಲು ಮೇಲು.

ಬಾಹ್ಯಾಕಾಶ ಯಾನಿಗಳೇ ಕ್ಯಾಮೆರಾ ಹಿಡಿದ ಹಳೆಯ ಚಿತ್ರಗಳ ಮಾತು ಬೇರೆ. 1984ರ ಯಾನಗಳಲ್ಲಿ ತರಬೇತಿ ಪಡೆದ ಗಗನಯಾನಿಗಳು ತೆಗೆದ ದೃಶ್ಯಗಳಿಂದ ತಯಾರಾಗಿ 1985ರಲ್ಲಿ ತೆರೆಕಂಡ ‘ದಿ ಡ್ರೀಮ್ ಈಸ್ ಅಲೈವ್’ ಇಂದು ವಿಜ್ಞಾನದ ಪಾಠವಾಗಿ ಅಲ್ಲ, ಇತಿಹಾಸದ ದಾಖಲೆಯಾಗಿ ನೋಡತಕ್ಕದ್ದು. ಹವಳದ ದಿಬ್ಬಗಳ ಹಳೆಯ ಚಿತ್ರಗಳಿಗೂ ಈಗ ಅಂಥದೇ ಬೆಲೆ ಬಂದಿದೆ. 1998ರಲ್ಲಿ, ಅನಂತರ 2014ರಿಂದ 2017ರವರೆಗೆ, ಸಮುದ್ರ ಬಿಸಿಯಾಗಿ ಜಗತ್ತಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಅದಕ್ಕಿಂತ ಮೊದಲು ಚಿತ್ರೀಕರಿಸಿದ ದಿಬ್ಬಗಳನ್ನು ಅಷ್ಟು ದೊಡ್ಡದಾಗಿ, ಅಷ್ಟು ಸೂಕ್ಷ್ಮವಾಗಿ ನೋಡುವುದಕ್ಕೆ ಬೇರೆ ದಾರಿಯೇ ಉಳಿದಿಲ್ಲದಿರಬಹುದು. ಆದ್ದರಿಂದ ಕಡಲಿನ ಚಿತ್ರ ಹಳೆಯದೆಂದು ಬಿಡಬೇಡಿ.

ನಿರೂಪಣೆಯ ಭಾಷೆ

ಮುಂಬಯಿಯ ತಾರಾಲಯದಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಪ್ರದರ್ಶನಗಳು ಬೇರೆ ಬೇರೆ ಹೊತ್ತಿಗೆ ನಡೆಯುತ್ತವೆ. ಕನ್ನಡದ ನಿರೂಪಣೆ ಇಲ್ಲಿ ಸಿಗುವುದಿಲ್ಲ, ಆದ್ದರಿಂದ ಯಾರ ಜೊತೆ ಹೋಗುತ್ತಿದ್ದೇವೆ ಎಂಬುದನ್ನು ನೋಡಿ ಹೊತ್ತನ್ನು ಆರಿಸಬೇಕು. ಇಲ್ಲೇ ಶಾಲೆ ಓದುತ್ತಿರುವ ಮಕ್ಕಳಿಗೆ ಯಾವುದಾದರೂ ನಡೆಯುತ್ತದೆ. ಬೆಳಗಾವಿ ಧಾರವಾಡದ ಕಡೆಯಿಂದ ಬಂದ ಆಯಿಗೆ ಮರಾಠಿ ಸಲೀಸಾಗಿ ತಿಳಿಯಬಹುದು; ಉಡುಪಿ, ಶಿವಮೊಗ್ಗ, ಮೈಸೂರಿನ ಕಡೆಯಿಂದ ಬಂದ ಅಜ್ಜಿಗೆ ಮೂರೂ ಕಷ್ಟವೇ. ಅವರ ಜೊತೆ ಹೋಗುವುದಾದರೆ ಮಾತು ಕಡಿಮೆಯಿದ್ದು ದೃಶ್ಯವೇ ಎಲ್ಲವನ್ನೂ ಹೇಳುವ ಚಿತ್ರವನ್ನು ಆರಿಸಿ: ಕಡಲಾಳ, ಹಾರಾಟ, ಭೂಮಿಯನ್ನು ಮೇಲಿನಿಂದ ನೋಡುವ ಚಿತ್ರ. ವಿಕಾಸವಾದ, ಮಿದುಳು, ಪರಮಾಣುಗಳಂತಹ ವಿಷಯಗಳನ್ನು ಬಿಡಿ, ಏಕೆಂದರೆ ಅವುಗಳ ಸಾರವೆಲ್ಲ ನಿರೂಪಣೆಯಲ್ಲೇ ಇರುತ್ತದೆ.

ಕತ್ತಲಲ್ಲಿ ಕಿವಿಯ ಬಳಿ ಪಿಸುಗುಟ್ಟುತ್ತಾ ಅನುವಾದಿಸುವುದು ಪಕ್ಕದವರಿಗೂ ತೊಂದರೆ, ಅಜ್ಜಿಗೂ ಪ್ರಯೋಜನವಿಲ್ಲ. ಅದಕ್ಕಿಂತ ಹಿಂದಿನ ಸಂಜೆಯೇ ಮನೆಯಲ್ಲಿ ಕುಳಿತು ಏನು ನೋಡಲಿದ್ದೇವೆ ಎಂಬುದನ್ನು ಕನ್ನಡದಲ್ಲಿ ಹತ್ತು ನಿಮಿಷ ಹೇಳುವುದು ಎಷ್ಟೋ ಮೇಲು; ಆ ಕೆಲಸವನ್ನು ಮೊಮ್ಮಗಳಿಗೆ ವಹಿಸಿದರೆ ಇನ್ನೂ ಒಳ್ಳೆಯದು. ಮಾಟುಂಗದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್‌ಗಳಂತಹ ನಮ್ಮ ಸಂಸ್ಥೆಗಳು ವರ್ಷಕ್ಕೊಮ್ಮೆ ಕನ್ನಡದ ವಿಜ್ಞಾನ ಶಿಕ್ಷಕರೊಬ್ಬರಿಂದ ಇಂಥ ಪೂರ್ವಭಾವಿ ಉಪನ್ಯಾಸವನ್ನು ಏರ್ಪಡಿಸಿ, ಮರುದಿನ ಎಲ್ಲರೂ ಸೇರಿ ಪ್ರದರ್ಶನಕ್ಕೆ ಹೋಗುವಂತೆ ಮಾಡಿದರೆ ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲೂ ಕೇಳಿದಂತಾಗುತ್ತದೆ ಎಂಬುದು ನನ್ನ ಮನಃಪೂರ್ವಕ ಆಸೆ.

ಆಸನ, ತಲೆಸುತ್ತು, ವಯಸ್ಸು

ಓರೆ ಗುಮ್ಮಟದಲ್ಲಿ ಹಿಂದಿನ ಮೂರನೇ ಒಂದು ಭಾಗದ ಸಾಲುಗಳ ಮಧ್ಯದ ಆಸನಗಳೇ ಶ್ರೇಷ್ಠ. ಮುಂದಿನ ಸಾಲಿನಲ್ಲಿ ಕತ್ತು ನೋಯುತ್ತದೆ, ಅಂಚಿನಲ್ಲಿ ಎಲ್ಲವೂ ಬಾಗುತ್ತದೆ. ಚಪ್ಪಟೆ ಪರದೆಯಲ್ಲಿ ಬೃಹತ್ತೆಂಬ ಭಾವ ಬೇಕಾದರೆ ನಡುವಿನ ಸಾಲಿಗಿಂತ ಸ್ವಲ್ಪ ಮುಂದೆ ಕುಳಿತರೂ ಸರಿಯೇ. ಕನ್ನಡಕದ ಪ್ರದರ್ಶನದಲ್ಲಿ ನಟ್ಟನಡುವೆಯೇ ಕೂರಬೇಕು.

ಗುಮ್ಮಟದಲ್ಲಿ ಕೆಲವರಿಗೆ ತಲೆ ಸುತ್ತುವುದು ದೌರ್ಬಲ್ಯವಲ್ಲ. ಕಣ್ಣು ನಾವು ಚಲಿಸುತ್ತಿದ್ದೇವೆ ಎನ್ನುತ್ತದೆ, ಒಳಗಿವಿಯ ಸಮತೋಲನದ ಅಂಗ ಇಲ್ಲ ಎನ್ನುತ್ತದೆ. ಮಿದುಳಿಗೆ ಈ ಎರಡು ಸಾಕ್ಷ್ಯಗಳನ್ನು ಹೊಂದಿಸಲಾಗದೆ ವಾಕರಿಕೆ ಬರುತ್ತದೆ. ಘಾಟಿನ ರಸ್ತೆಯ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರು ಗುಮ್ಮಟಕ್ಕೆ ಹೋಗುವಾಗ ಹೊಟ್ಟೆ ತುಂಬ ಉಂಡು ಹೋಗಬಾರದು, ಹಿಂದಿನ ಸಾಲಿನಲ್ಲಿ ಬಾಗಿಲಿನ ಬಳಿ ಕೂರಬೇಕು, ಸಂಕಟವೆನಿಸಿದರೆ ಕಣ್ಣು ಮುಚ್ಚಿಕೊಂಡು ಕೆಲವು ನಿಮಿಷ ಧ್ವನಿಯನ್ನಷ್ಟೇ ಕೇಳಬೇಕು. ಅವರಿಗೆ ಚಪ್ಪಟೆ ಪರದೆ ಅಥವಾ ಗೋಳದ ಪ್ರದರ್ಶನ ಹೆಚ್ಚು ಹಿತ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಗುಮ್ಮಟಕ್ಕೆ ಕರೆದೊಯ್ಯದಿರುವುದೇ ಒಳಿತು. ರಂಧ್ರಗಳುಳ್ಳ ಪರದೆಯ ಹಿಂದಿನಿಂದ ಬರುವ ಆ ಶಬ್ದ ಅವರ ಮೈಯನ್ನೇ ನಡುಗಿಸುತ್ತದೆ.

ಒಂದೇ ಮಧ್ಯಾಹ್ನವಿದ್ದರೆ

ಮುಂಬಯಿಯಲ್ಲಿ ಎಂಟರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳಿದ್ದು ಒಂದೇ ಮಧ್ಯಾಹ್ನ ಸಿಕ್ಕರೆ, ನೆಹರು ವಿಜ್ಞಾನ ಕೇಂದ್ರದ ಗುಮ್ಮಟದ ಚಿತ್ರಕ್ಕೆ ಮೊದಲ ಸ್ಥಾನ, ಅದು ಕಡಲು ಅಥವಾ ಹಾರಾಟದ ಚಿತ್ರವಾಗಿದ್ದರೆ ಮಾತ್ರ. ಗುಮ್ಮಟದಲ್ಲಿ ಮಾತಿನ ಚಿತ್ರವೇ ಇದ್ದರೆ ಅದನ್ನು ಬಿಟ್ಟು ಗೋಳದ ಪ್ರದರ್ಶನ ನೋಡಿ, ಉಳಿದ ಹೊತ್ತನ್ನು ಹೊರಗಿನ ವಿಜ್ಞಾನ ಉದ್ಯಾನದಲ್ಲಿ ಕಳೆಯಿರಿ. ಹದಿನಾಲ್ಕಕ್ಕೆ ಮೇಲ್ಪಟ್ಟ, ಖಗೋಳದಲ್ಲಿ ನಿಜವಾದ ಆಸಕ್ತಿಯಿರುವ ಮಕ್ಕಳಿಗೆ ತಾರಾಲಯವೇ ಸರಿ. ಪುಣೆಯವರು ಇದೇ ಉದ್ದೇಶಕ್ಕೆ ಮುಂಬಯಿಗೆ ಬರುವುದಾದರೆ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬಹುದು, ಆದರೆ ನಡುವೆ ಊಟಕ್ಕೂ ವಿರಾಮಕ್ಕೂ ಎರಡು ಗಂಟೆ ಬಿಡಬೇಕು. ಒಂದರ ಬೆನ್ನಿಗೆ ಇನ್ನೊಂದು ಗುಮ್ಮಟವನ್ನು ನೋಡಿದರೆ ಎರಡನೆಯದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಗೋವೆಯವರಿಗೆ ನನ್ನ ಆಯ್ಕೆ ಕನ್ನಡಕದ ಪ್ರದರ್ಶನ, ಅದರಲ್ಲೂ ಸಮುದ್ರಜೀವಿಗಳದು ಇದ್ದರೆ; ಮುಗಿದ ಮೇಲೆ ಇಳಿತದ ಹೊತ್ತಿನಲ್ಲಿ ಬಂಡೆಗಳಿರುವ ತೀರಕ್ಕೆ ಹೋಗಿ ಸಂನ್ಯಾಸಿ ಏಡಿಗಳನ್ನೂ ಕಡಲ ಹೂವುಗಳನ್ನೂ ಮಕ್ಕಳಿಗೆ ಜೀವಂತವಾಗಿ ತೋರಿಸಬಹುದು.

ಹೊರಡುವ ಮುಂಚೆ ದೂರವಾಣಿ ಮಾಡಿ ಆ ದಿನದ ಚಿತ್ರ, ಭಾಷೆ, ಹೊತ್ತು ಮತ್ತು ಯಂತ್ರ ದುರಸ್ತಿಯಲ್ಲಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ಮುಂಬಯಿಯ ತಾರಾಲಯಕ್ಕೆ ಸೋಮವಾರ ರಜೆ. ಶಾಲಾ ತಂಡಗಳು ವಾರದ ದಿನಗಳ ಬೆಳಗಿನ ಪ್ರದರ್ಶನಗಳನ್ನು ತುಂಬುವುದರಿಂದ, ಹಿರಿಯರ ಜೊತೆ ಹೋಗುವವರು ಮಧ್ಯಾಹ್ನದ ಹೊತ್ತನ್ನು ಕೇಳಿದರೆ ಒಳ್ಳೆಯ ಆಸನವೂ ನಿಶ್ಶಬ್ದವೂ ಸಿಗುವ ಸಾಧ್ಯತೆ ಹೆಚ್ಚು.